ಎಣ್ಣೆಯ ಹಾದಿಗೆ ಬಿರಡೆ



ಇವತ್ತಿನ ಮಾತು ಒಂದು ಚಿಕ್ಕ ವಸ್ತುವಿನ ಬಗ್ಗೆ. ಕಿರುಬೆರಳ ತುದಿಯಷ್ಟು ಕಬ್ಬಿಣ, ಅದರ ಮೈಮೇಲೆ ನಾಲ್ಕಾರು ಸುತ್ತು ಥ್ರೆಡ್. ಅಂಗಡಿಯಲ್ಲಿ ಕೇಳಿದರೆ ಒಂದು ಊಟದಷ್ಟೂ ಬೆಲೆ ಇಲ್ಲ. ಆದರೆ ಇದನ್ನು ಮರೆತವರ ಎಂಜಿನ್ ಹತ್ತು ದಿನಕ್ಕೆ ಮತ್ತೆ ಗ್ಯಾರೇಜಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಜಿನ್ ಬ್ಲಾಕಿಗೆ ತಿರುಗಿಸಿ ಕೂರಿಸುವ ಬಿರಡೆ, ಅಂದರೆ ಗ್ಯಾರೇಜಿನವರು ಗ್ಯಾಲರಿ ಪ್ಲಗ್ ಎನ್ನುವ ವಸ್ತು ಇದು. ಬೆಂಕಿಯ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬೇರೆ, ಇದು ಬೇರೆ. ಗಾಡಿ ಇಟ್ಟುಕೊಂಡವರು, ಟ್ರಾಕ್ಟರಿನ ಎಂಜಿನ್ ಬಿಚ್ಚಿಸುವ ರೈತರು, ಪಾನಾ ಹಿಡಿದು ಕೆಲಸ ಕಲಿಯುತ್ತಿರುವ ಹುಡುಗರು ಸ್ವಲ್ಪ ಹೊತ್ತು ಕಿವಿಗೊಡಬೇಕು.

ನಾನು ಕೆಲಸ ಕಲಿತದ್ದು ಜತ್ತ ತಾಲ್ಲೂಕಿನ ಒಂದು ತಗಡಿನ ಶೆಡ್ಡಿನಲ್ಲಿ. 1980ರ ದಶಕದ ಕೊನೆಯ ಮಾತು. ಗಿರಾಕಿಗಳ ಜೊತೆ ಮರಾಠಿ, ಶೆಡ್ಡಿನೊಳಗೆ ಕನ್ನಡ, ಸಾಮಾನಿನ ಹೆಸರೆಲ್ಲ ಇಂಗ್ಲಿಷು. ಒಂದು ಮಧ್ಯಾಹ್ನ ಹಳೆಯ ಪೆಟ್ರೋಲ್ ಜೀಪೊಂದನ್ನು ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಜತ್ತದಿಂದ ಆಗಿನ ಬಿಜಾಪುರ, ಈಗಿನ ವಿಜಯಪುರದ ಕಡೆಗೆ ಜನ ಹೊಡೆಯುತ್ತಿದ್ದ ವಡಾಪ್ ಗಾಡಿ. ಅದರ ಯಜಮಾನ ಸಾಲ ಮಾಡಿ ದೂರದ ಒಂದು ವರ್ಕ್‌ಶಾಪಿನಲ್ಲಿ ಫುಲ್ ಎಂಜಿನ್ ಕೆಲಸ ಮಾಡಿಸಿದ್ದ. ಬೋರ್ ಆಗಿತ್ತು, ಕ್ರ್ಯಾಂಕ್ ಗ್ರೈಂಡ್ ಆಗಿತ್ತು, ಬೇರಿಂಗ್, ರಿಂಗ್ ಎಲ್ಲ ಹೊಸದು. ಗಾಡಿ ಓಡಿದ್ದು ಹನ್ನೊಂದೇ ದಿನ. ಹನ್ನೆರಡನೆಯ ದಿನ ಒಳಗಿನಿಂದ ಟಕ್ ಟಕ್ ಸದ್ದು.

ನಮ್ಮ ಮಿಸ್ತ್ರಿ ಕಾಕಾ ಆಯಿಲ್ ಚೇಂಬರ್ ಇಳಿಸಿ, ಒಂದು ಬೇರಿಂಗ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. “ರಂಟಿ ಹೊಡದಂಗ ಗೆರಿ ಬಿದ್ದಾವ ನೋಡು ತಮ್ಮಾ” ಅಂದರು. ಆಮೇಲೆ ಬ್ಲಾಕಿನ ಪಕ್ಕದಲ್ಲಿದ್ದ ಚೌಕ ತಲೆಯ ಒಂದು ಪ್ಲಗ್ಗನ್ನು ತೋರಿಸಿದರು. ಅದರ ಮೇಲಿನ ಹಳೆಯ ಬಣ್ಣ ಒಂದಿಷ್ಟೂ ಒಡೆದಿರಲಿಲ್ಲ. “ಇದನ್ನ ಯಾರೂ ಮುಟ್ಟೇ ಇಲ್ಲ” ಅಂದರು. ಕಷ್ಟಪಟ್ಟು ಅದನ್ನು ತೆಗೆದಾಗ ಅದರ ಹಿಂದೆ ಕಪ್ಪು ಸಗಣಿಯಂಥ ಮಡ್ಡಿ ಇತ್ತು. ಬೆರಳಲ್ಲಿ ಉಜ್ಜಿದರೆ ನುಣ್ಣಗಿರಲಿಲ್ಲ, ಉಸುಕಿನ ಹಾಗೆ ಕರಕರ ಅನ್ನುತ್ತಿತ್ತು. ಆ ಯಜಮಾನ ಏನೂ ಮಾತಾಡದೆ ಅಲ್ಲೇ ಹಳೆ ಟಯರಿನ ಮೇಲೆ ಕುಳಿತುಬಿಟ್ಟ. ಅವನ ಸಾಲದ ಮೊದಲ ಕಂತೂ ತೀರಿರಲಿಲ್ಲ.

ಆ ಉಸುಕು ಅಲ್ಲಿಗೆ ಹೇಗೆ ಬಂತು? ಇದು ತಿಳಿಯಬೇಕಾದರೆ ಬ್ಲಾಕ್ ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಬೇಕು.

ಎಂಜಿನ್ ಬ್ಲಾಕ್ ಎಂದರೆ ಅಚ್ಚಿನಲ್ಲಿ ಹೊಯ್ದ ಬೀಡು ಕಬ್ಬಿಣದ ದೊಡ್ಡ ಗಡ್ಡೆ. ಅದರೊಳಗೆ ಎರಡು ಬಗೆಯ ಹಾದಿಗಳಿವೆ. ಒಂದು ನೀರಿನದು, ಇನ್ನೊಂದು ಎಣ್ಣೆಯದು. ಸಿಲಿಂಡರಿನ ಸುತ್ತ ನೀರು ನಿಲ್ಲುವ ಜಾಗವನ್ನು ಅಚ್ಚಿನೊಳಗೆ ಮರಳಿನ ಗಟ್ಟಿ ಇಟ್ಟು ಉಂಟುಮಾಡುತ್ತಾರೆ. ಆಮೇಲೆ ಆ ಮರಳನ್ನು ಹೊರಗೆ ತೆಗೆದ ದೊಡ್ಡ ತೂತುಗಳಿಗೆ ಬಟ್ಟಲಿನಂಥ ತಗಡಿನ ಮುಚ್ಚಳ ಬಡಿದು ಕೂರಿಸುತ್ತಾರೆ. ಗ್ಯಾರೇಜಿನಲ್ಲಿ ಅದಕ್ಕೆ ಡಮ್ಮಿ ಎನ್ನುವುದು ವಾಡಿಕೆ. ಎಣ್ಣೆಯ ಹಾದಿ ಹಾಗಲ್ಲ. ಅದನ್ನು ಡ್ರಿಲ್ಲಿನಿಂದ ಕೊರೆಯುತ್ತಾರೆ. ಬ್ಲಾಕಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದು ಉದ್ದನೆಯ ಕೊಳವೆ, ಅದೇ ಮುಖ್ಯ ಗ್ಯಾಲರಿ. ಅದರಿಂದ ಪ್ರತಿಯೊಂದು ಮೇನ್ ಬೇರಿಂಗಿಗೂ ಕ್ಯಾಮ್ ಬೇರಿಂಗಿಗೂ ಅಡ್ಡ ತೂತುಗಳು. ಹೊಲಕ್ಕೆ ನೀರು ಬಿಡುವಾಗ ದೊಡ್ಡ ಕಾಲುವೆಯಿಂದ ಮಡಿಮಡಿಗೆ ಸಣ್ಣ ಕಾಲುವೆ ತಿರುಗಿಸುವ ಹಾಗೆ.

ಡ್ರಿಲ್ ಒಳಗೆ ಹೋಗಬೇಕಾದರೆ ಹೊರಗಿನಿಂದಲೇ ಹೋಗಬೇಕು. ಕೊರೆದಾದ ಮೇಲೆ ಆ ಹೊರಬಾಯಿ ತೆರೆದೇ ಉಳಿಯುತ್ತದೆ. ಹಾಗೇ ಬಿಟ್ಟರೆ ಪಂಪು ತಳ್ಳಿದ ಎಣ್ಣೆಯೆಲ್ಲ ಅಲ್ಲಿಂದಲೇ ಸುರಿದುಹೋಗುತ್ತದೆ. ಅದಕ್ಕಾಗಿ ಆ ಬಾಯಿಗಳಿಗೆ ಥ್ರೆಡ್ ಹಾಕಿ ಬಿರಡೆ ತಿರುಗಿಸಿ ಮುಚ್ಚುತ್ತಾರೆ. ಇದೇ ನಮ್ಮ ಗ್ಯಾಲರಿ ಪ್ಲಗ್. ಕೆಲವು ಬ್ಲಾಕಿನಲ್ಲಿ ಇವು ಮೂರು ನಾಲ್ಕು ಇರಬಹುದು, ಕೆಲವದರಲ್ಲಿ ಹತ್ತಕ್ಕೂ ಹೆಚ್ಚು. ಕೆಲವು ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿರುತ್ತವೆ. ಕೆಲವು ಮುಂದೆ ಟೈಮಿಂಗ್ ಕವರಿನ ಒಳಗೆ, ಕೆಲವು ಹಿಂದೆ ಫ್ಲೈವೀಲಿನ ಮರೆಯಲ್ಲಿ ಇರುತ್ತವೆ. ಎಂಜಿನ್ ಪೂರ್ತಿ ಬಿಚ್ಚಿದಾಗ ಮಾತ್ರ ಅವು ಕೈಗೆ ಸಿಗುತ್ತವೆ.

ಈಗ ಉಸುಕಿನ ಮಾತಿಗೆ ಬರೋಣ. ಹಳೆಯ ಬೇರಿಂಗ್ ಸವೆದಾಗ ಉದುರಿದ ಲೋಹದ ಪುಡಿ ಎಣ್ಣೆಯ ಜೊತೆ ತಿರುಗುತ್ತದೆ. ಅದು ಹೋಗಿ ನಿಲ್ಲುವುದು ಹರಿವಿಲ್ಲದ ಮೂಲೆಯಲ್ಲಿ, ಅಂದರೆ ಗ್ಯಾಲರಿಯ ಕೊನೆಯಲ್ಲಿ, ಪ್ಲಗ್ಗಿನ ಬೆನ್ನಿಗೆ. ಬ್ಲಾಕ್ ಬೋರ್ ಮಾಡುವಾಗ, ಹೋನಿಂಗ್ ಕಲ್ಲು ಆಡಿಸುವಾಗ ಉದುರುವ ಕಬ್ಬಿಣದ ಚೂರು ಮತ್ತು ಕಲ್ಲಿನ ಹುಡಿ ಕೂಡ ಇದೇ ತೂತುಗಳಿಗೆ ಇಳಿಯುತ್ತದೆ. ಹೊರಗಿನಿಂದ ಎಷ್ಟು ಸೀಮೆಎಣ್ಣೆ ಹೊಯ್ದು ಗಾಳಿ ಹೊಡೆದರೂ ಮುಚ್ಚಿದ ತುದಿಯ ಕೊಳೆ ಅಲ್ಲೇ ಉಳಿಯುತ್ತದೆ. ಹೊಸ ಎಂಜಿನ್ ಚಾಲೂ ಆಗಿ ಬಿಸಿ ಎಣ್ಣೆ ಒತ್ತಡದಿಂದ ನುಗ್ಗಿದಾಗ ಗಟ್ಟಿಯಾಗಿದ್ದ ಮಡ್ಡಿ ಸಡಿಲವಾಗಿ, ಫಿಲ್ಟರನ್ನು ದಾಟಿದ ಮೇಲಿನ ಹಾದಿಯಲ್ಲೇ ಇರುವುದರಿಂದ ನೇರವಾಗಿ ಬೇರಿಂಗಿಗೆ ಬರುತ್ತದೆ.

ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಜಾಗ ಎಷ್ಟು ಗೊತ್ತೇ? ಸುಮಾರಾಗಿ ಒಂದು ಅಂಗುಲ ದಪ್ಪಕ್ಕೆ ಒಂದು ಥೌ ಎಂಬುದು ಹಳೆಯ ಲೆಕ್ಕ. ಥೌ ಎಂದರೆ ಅಂಗುಲದ ಸಾವಿರದ ಒಂದು ಭಾಗ. 2 ಅಂಗುಲದ ಕ್ರ್ಯಾಂಕಿಗೆ 2 ಥೌ, ಅಂದರೆ 0.05 ಮಿಲಿಮೀಟರ್. ನಮ್ಮ ತಲೆಗೂದಲಿನ ದಪ್ಪಕ್ಕೆ ಅದು ಹತ್ತಿರ ಹತ್ತಿರ. ಅಷ್ಟು ಸಂದಿಯಲ್ಲಿ ಕಲ್ಲಿನ ಹುಡಿ ಸಿಕ್ಕರೆ ಅದು ಮೆತ್ತನೆಯ ಬೇರಿಂಗಿನಲ್ಲಿ ಹೂತುಕೊಂಡು ಕ್ರ್ಯಾಂಕನ್ನು ಅರದ ಹಾಗೆ ಕೊರೆಯುತ್ತದೆ. ಆ ಜೀಪಿಗೆ ಆದದ್ದು ಇಷ್ಟೇ.

ಆದ್ದರಿಂದ ಮೊದಲ ನಿಯಮ ಹೀಗಿದೆ. ಬ್ಲಾಕ್ ತೊಳೆಯುವ ಮೊದಲು ಥ್ರೆಡ್ ಇರುವ ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಬೇಕು. ಬಿಚ್ಚುವ ಮೊದಲು ಎಣಿಸಬೇಕು. ನಮ್ಮ ಮಿಸ್ತ್ರಿ ಕಾಕಾ ಒಂದು ಹಲಗೆಯ ಮೇಲೆ ಬ್ಲಾಕಿನ ಚಿತ್ರ ಗೀಚಿ, ಪ್ಲಗ್ ಇದ್ದ ಕಡೆಯಲ್ಲೆಲ್ಲ ಮೊಳೆ ಹೊಡೆದು, ಬಿಚ್ಚಿದ ಪ್ಲಗ್ಗನ್ನು ದಾರದಲ್ಲಿ ಆ ಮೊಳೆಗೇ ಕಟ್ಟುತ್ತಿದ್ದರು. ಪ್ಲಗ್ಗುಗಳ ಉದ್ದ ಒಂದೇ ಇರುವುದಿಲ್ಲ. ಕೆಲವು ಎಂಜಿನ್ನಿನಲ್ಲಿ ಎಣ್ಣೆ ಅಳತೆಯಲ್ಲಿ ಹೋಗಲೆಂದು ಪ್ಲಗ್ಗಿನ ನಡುವೆ ಸೂಜಿಯಂಥ ತೂತೂ ಇರುತ್ತದೆ. ಅಂಥದ್ದರ ಜಾಗದಲ್ಲಿ ಮುಚ್ಚಿದ ಪ್ಲಗ್ ಹಾಕಿದರೆ ಆ ಕಡೆಗೆ ಎಣ್ಣೆಯೇ ಹೋಗದು.

ಬಿಚ್ಚುವುದು ಸುಲಭದ ಕೆಲಸವಲ್ಲ. ಇಪ್ಪತ್ತು ಮೂವತ್ತು ವರ್ಷ ಬಿಸಿಯಲ್ಲಿ ಕುಳಿತ ಪ್ಲಗ್ ಬ್ಲಾಕಿನ ಜೊತೆ ಒಂದೇ ಆಗಿಬಿಟ್ಟಿರುತ್ತದೆ. ಅವಸರ ಮಾಡಿದರೆ ತಲೆ ಉರುಟಾಗುತ್ತದೆ. ಮೊದಲು ಸುತ್ತಲಿನ ಕೊಳೆ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ಸರಿಯಾಗಿ ಕೂರುವ ಪಂಚ್ ಇಟ್ಟು ಪ್ಲಗ್ಗಿನ ತಲೆಗೆ ನೇರವಾಗಿ ಎರಡು ಮೂರು ಪೆಟ್ಟು ಕೊಡಿ. ಈ ಪೆಟ್ಟಿನಿಂದ ಥ್ರೆಡ್ಡಿನ ಹಿಡಿತ ಬಿರುಕು ಬಿಡುತ್ತದೆ. ಸವೆದ ಆಲನ್ ಕೀ, ಸಡಿಲ ಪಾನಾ ಇಲ್ಲಿ ಬೇಡ.

ಇಷ್ಟಕ್ಕೂ ಬಗ್ಗದಿದ್ದರೆ ಬೆಂಕಿಯ ಸಹಾಯ ಬೇಕು. ಗ್ಯಾಸ್ ಟಾರ್ಚಿನಿಂದ ಪ್ಲಗ್ಗನ್ನು ಚೆನ್ನಾಗಿ ಕಾಯಿಸಿ, ಸ್ವಲ್ಪ ಆರಲು ಬಿಟ್ಟು, ಇನ್ನೂ ಬಿಸಿ ಇರುವಾಗಲೇ ಅಂಚಿಗೆ ಮೇಣದ ಬತ್ತಿ ತಾಗಿಸಿ. ಕರಗಿದ ಮೇಣ ಥ್ರೆಡ್ಡಿನ ಸಂದಿಗೆ ತಾನಾಗಿ ಇಳಿಯುತ್ತದೆ. ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಆಡಿಸಿದರೆ ಬಹಳ ಸಲ ಬಿಡುತ್ತದೆ. ಇಲ್ಲಿ ಮೂರು ಎಚ್ಚರ. ಪೆಟ್ರೋಲಿನಲ್ಲಿ ತೊಳೆದ ಬ್ಲಾಕಿನ ಹತ್ತಿರ ಬೆಂಕಿ ತರಬೇಡಿ. ಕಾದ ಬೀಡು ಕಬ್ಬಿಣದ ಮೇಲೆ ನೀರು ಹೊಯ್ಯಬೇಡಿ, ಬ್ಲಾಕ್ ಸೀಳುತ್ತದೆ. ಅಲ್ಯುಮಿನಿಯಂ ಬ್ಲಾಕಾದರೆ ಟಾರ್ಚನ್ನು ದೂರವೇ ಇಡಿ. ಕಬ್ಬಿಣ ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯುಮಿನಿಯಂ ಬಣ್ಣ ಬದಲಿಸದೆ ಒಮ್ಮೆಲೇ ಕುಸಿಯುತ್ತದೆ.

ತಲೆ ಉರುಟಾಗಿ ಹೋದ ಪ್ಲಗ್ಗಿಗೆ ಒಂದು ನಟ್ ಇಟ್ಟು, ನಟ್ಟಿನ ಒಳಗಿನಿಂದ ವೆಲ್ಡಿಂಗ್ ಮಾಡಿಸಬಹುದು. ವೆಲ್ಡಿಂಗಿನ ಬಿಸಿಯೇ ಹಿಡಿತ ಬಿಡಿಸುತ್ತದೆ, ಪಾನಾ ಹಾಕಲು ಹೊಸ ತಲೆಯೂ ಸಿಗುತ್ತದೆ. ಅದೂ ಆಗದಿದ್ದರೆ ಕೊನೆಗೆ ಡ್ರಿಲ್. ಸರಿಯಾಗಿ ನಡುವೆ ಗುರುತು ಹೊಡೆದು, ಸಣ್ಣ ಬಿಟ್ಟಿನಿಂದ ಆರಂಭಿಸಿ ಹಂತ ಹಂತವಾಗಿ ದೊಡ್ಡದು ಮಾಡುತ್ತಾ ಹೋಗಬೇಕು. ಥ್ರೆಡ್ಡಿನ ತುದಿ ಮಿಂಚಿದ ಕೂಡಲೇ ನಿಲ್ಲಿಸಿ, ಉಳಿದ ಸುರುಳಿಯನ್ನು ಚೂಪಾದ ಸೂಜಿಯಿಂದ ಕಿತ್ತು ತೆಗೆದು, ಟ್ಯಾಪ್ ಹಾಕಿ ಶುದ್ಧ ಮಾಡಬೇಕು. ಕಣ್ಣಿಗೆ ಕನ್ನಡಕ ಇರಲಿ. ತೆಳ್ಳನೆಯ ಎಕ್ಸ್‌ಟ್ರಾಕ್ಟರನ್ನು ಬಲವಂತವಾಗಿ ತಿರುಗಿಸಬೇಡಿ. ಅದು ಒಳಗೇ ಮುರಿದರೆ ಅಷ್ಟು ಗಡಸು ಉಕ್ಕನ್ನು ಸಾಮಾನ್ಯ ಡ್ರಿಲ್ ಕೊರೆಯಲಾರದು.

ಪ್ಲಗ್ ಎಲ್ಲ ಹೊರಗೆ ಬಂದ ಮೇಲೆ ತೊಳೆಯುವ ಕೆಲಸ. ಬಿಸಿ ಕಾಸ್ಟಿಕ್ ತೊಟ್ಟಿ ಇರುವ ಕಡೆ ಕಬ್ಬಿಣದ ಬ್ಲಾಕನ್ನು ಅದರಲ್ಲಿ ಅದ್ದುತ್ತಾರೆ. ಅಲ್ಯುಮಿನಿಯಂ ಭಾಗಗಳನ್ನು ಅದಕ್ಕೆ ಹಾಕಬಾರದು, ಕಾಸ್ಟಿಕ್ ಅದನ್ನು ತಿಂದುಬಿಡುತ್ತದೆ. ಆಮೇಲೆ ಉದ್ದನೆಯ ಬ್ರಷ್ಷನ್ನು ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ಬಿಸಿ ಸಾಬೂನು ನೀರಿನಲ್ಲಿ ಮತ್ತೆ ಮತ್ತೆ ಎಳೆಯಿರಿ. ಅಡ್ಡ ತೂತುಗಳನ್ನೂ ಬಿಡಬೇಡಿ. ಒಂದು ಕಡೆ ಟಾರ್ಚ್ ದೀಪ ಹಿಡಿದರೆ ಇನ್ನೊಂದು ಕಡೆಯಿಂದ ಬೆಳಕು ಕಾಣಬೇಕು. ಬಿಳಿ ಬಟ್ಟೆ ತೂರಿಸಿ ಎಳೆದರೆ ಬಟ್ಟೆ ಬೆಳ್ಳಗೇ ಬರಬೇಕು. ತೊಳೆಯುವ ಕೆಲಸ ಬೋರಿಂಗ್, ಹೋನಿಂಗ್ ಮುಗಿದ ಮೇಲೆ ಇನ್ನೊಮ್ಮೆ ಆಗಲೇಬೇಕು. ಕೂಡಲೇ ಗಾಳಿಯಿಂದ ಒಣಗಿಸಿ ಎಣ್ಣೆ ಸವರದಿದ್ದರೆ ಸಂಜೆಯೊಳಗೆ ತುಕ್ಕು ಕಾಣುತ್ತದೆ.

ಈಗ ಹೊಸ ಪ್ಲಗ್. ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಸಂಗತಿ ಇದೆ. ಥ್ರೆಡ್ ಎಂಬುದಕ್ಕೆ ನಮ್ಮ ಗಡಿಯ ಉದ್ದಕ್ಕೂ ಬೇರೆ ಬೇರೆ ಮಾತು. ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಆಟೆ, ಕಾಸರಗೋಡಿನ ಮಲಯಾಳದಲ್ಲಿ ಪಿರಿ, ಹೊಸೂರಿನ ತಮಿಳಿನಲ್ಲಿ ಮರೈ, ಆದೋನಿಯ ತೆಲುಗಿನಲ್ಲಿ ಮರ. ಹೆಸರು ಬೇರೆಯಾದರೂ ವಸ್ತು ಒಂದೇ. ಆದರೆ ಪೈಪ್ ಥ್ರೆಡ್ಡಿನಲ್ಲಿ ಹೆಸರು ಒಂದೇ ಇದ್ದು ವಸ್ತು ಎರಡು ಇವೆ!

ಗ್ಯಾಲರಿ ಪ್ಲಗ್ ಬಹಳ ಮಟ್ಟಿಗೆ ಓರೆ ಥ್ರೆಡ್ಡಿನದು. ಬುಡ ದಪ್ಪ, ತುದಿ ಸಣ್ಣ. 16 ಮಿಲಿಮೀಟರ್ ಉದ್ದಕ್ಕೆ 1 ಮಿಲಿಮೀಟರ್ ದಪ್ಪ ಇಳಿಯುತ್ತದೆ. ತಿರುಗಿಸಿದಷ್ಟೂ ಬೆಣೆಯ ಹಾಗೆ ಬಿಗಿಯಾಗಿ, ವಾಷರ್ ಇಲ್ಲದೆಯೇ ಎಣ್ಣೆ ತಡೆಯುತ್ತದೆ. ಇದರಲ್ಲಿ ಬ್ರಿಟಿಷ್ ಪದ್ಧತಿ ಒಂದು, ಅಮೆರಿಕದ ಪದ್ಧತಿ ಇನ್ನೊಂದು. ಓರೆ ಎರಡರಲ್ಲೂ ಅಷ್ಟೇ. ಆದರೆ ಬ್ರಿಟಿಷ್ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕದ್ದು 60 ಡಿಗ್ರಿ. 1/8 ಅಳತೆಯಲ್ಲಿ ಅಂಗುಲಕ್ಕೆ ಬ್ರಿಟಿಷ್ ಥ್ರೆಡ್ 28, ಅಮೆರಿಕದ್ದು 27. 1/4 ಅಳತೆಯಲ್ಲಿ 19 ಮತ್ತು 18. ಕಣ್ಣಿಗೆ ಈ ವ್ಯತ್ಯಾಸ ಕಾಣದು.

ನಮ್ಮ ದೇಶದ ನೀರಿನ ಪೈಪು, ನಲ್ಲಿಗಳದ್ದು ಬ್ರಿಟಿಷ್ ಥ್ರೆಡ್. ಜೀಪಾದರೋ ಹುಟ್ಟಿದ್ದು ಅಮೆರಿಕದಲ್ಲಿ. ವಿಲ್ಲಿಸ್ ಕಂಪನಿಯ ಆ ಗಾಡಿಯನ್ನು ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಇಲ್ಲಿ ಜೋಡಿಸಲು ಆರಂಭಿಸಿದರು. ಹಳೆಯ ಪೆಟ್ರೋಲ್ ಜೀಪಿನ ನಾಲ್ಕು ಸಿಲಿಂಡರಿನ ಸುಮಾರು 2200 ಸಿ.ಸಿ. ಎಂಜಿನ್ನಿನ ನಕ್ಷೆ ಅಲ್ಲಿಯದೇ. ಅಂಥ ಬ್ಲಾಕಿಗೆ ನಲ್ಲಿ ಸಾಮಾನಿನ ಅಂಗಡಿಯ ಪ್ಲಗ್ ತಂದು ಹಾಕಿದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಕೂತಿತು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಥ್ರೆಡ್ಡನ್ನು ತಿನ್ನುತ್ತಿರುತ್ತದೆ. ಎಣ್ಣೆ ಬಿಸಿಯಾದಾಗ ಅಲ್ಲಿಂದಲೇ ಜಿನುಗುತ್ತದೆ. ಆದ್ದರಿಂದ ಹಳೆಯ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಥ್ರೆಡ್ ಗೇಜ್ ಇಟ್ಟು ನೋಡಿಸಿ.

ಅಳತೆಯ ಹೆಸರಿನಲ್ಲೂ ಒಂದು ಗೊಂದಲ. 1/8 ಪೈಪ್ ಪ್ಲಗ್ ಎಂದರೆ ಬಡಗಿಯ ಲೆಕ್ಕದ ಒಂದು ನೂಲು ದಪ್ಪ ಎಂದು ತಿಳಿಯಬೇಡಿ. ಅದರ ಹೊರಮೈ ಸುಮಾರು 10 ಮಿಲಿಮೀಟರ್. 1/4 ಎಂದರೆ 13 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಈ ಹೆಸರು ಹಿಂದಿನ ಕಾಲದ ಕಬ್ಬಿಣದ ಪೈಪಿನ ಒಳಬಾಯಿಯಿಂದ ಬಂದದ್ದು.

ಹೊಸ ಕಾಲದ ಎಂಜಿನ್ನುಗಳಲ್ಲಿ ಓರೆ ಇಲ್ಲದ ಮಿಲಿಮೀಟರ್ ಥ್ರೆಡ್ಡಿನ ಪ್ಲಗ್ಗುಗಳೂ ಇವೆ. ಅವು ವಾಷರ್ ಅಥವಾ ರಬ್ಬರ್ ರಿಂಗಿನಿಂದ ಎಣ್ಣೆ ತಡೆಯುತ್ತವೆ. ಅಲ್ಲಿ ಪ್ರತಿ ಸಲವೂ ವಾಷರ್ ಹೊಸದಾಗಿರಬೇಕು. ಇನ್ನು ಕೆಲವು ಬ್ಲಾಕುಗಳಲ್ಲಿ ಥ್ರೆಡ್ಡೇ ಇಲ್ಲದೆ ಉಕ್ಕಿನ ಗುಂಡು ಬಡಿದು ಮುಚ್ಚಿರುತ್ತಾರೆ. ಅಂಥದ್ದನ್ನು ಆ ಎಂಜಿನ್ನಿನ ಪುಸ್ತಕ ನೋಡದೆ ಮುಟ್ಟಬೇಡಿ.

ಕೂರಿಸುವಾಗ ಬಿಳಿ ಟೇಪು ಬೇಡ. ನಲ್ಲಿಗೆ ಸುತ್ತುವ ಆ ಟೇಪಿನ ಎಳೆ ಒಳಗೆ ಹರಿದು ಬಿದ್ದರೆ ಎಣ್ಣೆಯ ಸಣ್ಣ ತೂತಿಗೆ ಅಡ್ಡ ನಿಲ್ಲುತ್ತದೆ. ಎಣ್ಣೆ ತಾಳುವ ದ್ರವರೂಪದ ಥ್ರೆಡ್ ಸೀಲರ್ ಸಿಗುತ್ತದೆ. ಬ್ಲಾಕಿನ ಥ್ರೆಡ್, ಪ್ಲಗ್ಗಿನ ಥ್ರೆಡ್ ಎರಡನ್ನೂ ಜಿಡ್ಡಿಲ್ಲದಂತೆ ಒರೆಸಿ, ತುದಿಯ ಎರಡು ಸುತ್ತು ಖಾಲಿ ಬಿಟ್ಟು, ಉಳಿದದ್ದಕ್ಕೆ ತೆಳ್ಳಗೆ ಹಚ್ಚಿ. ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಪಾನಾದಿಂದ ಒಂದೂವರೆ ಎರಡು ಸುತ್ತು ಸಾಮಾನ್ಯವಾಗಿ ಸಾಕು. ಕಂಪನಿಯ ಪುಸ್ತಕದಲ್ಲಿ ಅಳತೆ ಕೊಟ್ಟಿದ್ದರೆ ಅದೇ ಪ್ರಮಾಣ. ಪಾನಾಕ್ಕೆ ಪೈಪು ಸಿಕ್ಕಿಸಿ ಬಲ ಹಾಕಬೇಡಿ. ಓರೆ ಪ್ಲಗ್ ಎಂದರೆ ಬೆಣೆ. ಬೆಣೆ ಹೆಚ್ಚಾದರೆ ಕಟ್ಟಿಗೆ ಸೀಳುವ ಹಾಗೆ ಬ್ಲಾಕ್ ಸೀಳುತ್ತದೆ.

ಕೂತ ಮೇಲೆ ಎರಡು ಕಡೆ ನೋಡಬೇಕು. ಹೊರಗೆ, ಪ್ಲಗ್ಗಿನ ತಲೆ ಟೈಮಿಂಗ್ ಚೈನಿಗೋ ಕವರಿಗೋ ತಾಗಬಾರದು. ಒಳಗೆ, ಪ್ಲಗ್ ಆಳಕ್ಕೆ ಹೋಗಿ ಅಡ್ಡ ತೂತನ್ನು ಮುಚ್ಚಿರಬಾರದು. ಸಣ್ಣ ತಂತಿ ತೂರಿಸಿ ಇದನ್ನು ಪರೀಕ್ಷಿಸಬಹುದು.

ಎಂಜಿನ್ ಜೋಡಿಸಿದ ಮೇಲೆ ಕೂಡಲೇ ಚಾಲೂ ಮಾಡಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ಎಂಜಿನ್ನನ್ನು ಬರಿದೇ ತಿರುಗಿಸಿ, ಎಣ್ಣೆಯ ಮುಳ್ಳು ಮೇಲೇಳುವುದನ್ನು ನೋಡಿ. ಆಮೇಲೆ ಚಾಲೂ ಮಾಡಿದಾಗ ಹತ್ತು ಸೆಕೆಂಡಿನಲ್ಲಿ ಒತ್ತಡ ಕಾಣದಿದ್ದರೆ ಬಂದ್ ಮಾಡಿ. ಮುಂದಿನ ಕವರಿನೊಳಗೆ ಒಂದು ಪ್ಲಗ್ ಹಾಕಲು ಮರೆತಿರಬಹುದು. ಇನ್ನೊಂದು ಮಾತು. ಗೇರ್‌ಬಾಕ್ಸ್ ಕೂಡುವ ಕಡೆಯಿಂದ ಎಣ್ಣೆ ಸೋರಿದರೆ ಎಲ್ಲರೂ ಹಿಂದಿನ ಆಯಿಲ್ ಸೀಲ್ ಹೋಗಿದೆ ಎನ್ನುತ್ತಾರೆ. ಎಷ್ಟೋ ಸಲ ಸೀಲ್ ಬದಲಾಯಿಸಿದರೂ ಸೋರುವುದು ನಿಲ್ಲುವುದಿಲ್ಲ. ಫ್ಲೈವೀಲಿನ ಹಿಂದಿನ ಗ್ಯಾಲರಿ ಪ್ಲಗ್ ಜಿನುಗುತ್ತಿರುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗಲೇ ಅದನ್ನೂ ನೋಡಿಸಿದರೆ ಎರಡನೆಯ ಸಲದ ಕೂಲಿ ಉಳಿಯುತ್ತದೆ.

ಗಾಡಿಯ ಯಜಮಾನರು ಇಷ್ಟೆಲ್ಲ ನೆನಪಿಡಬೇಕಾಗಿಲ್ಲ. ಎಂಜಿನ್ ಕೆಲಸಕ್ಕೆ ಕೊಡುವಾಗ ಮಿಸ್ತ್ರಿಯನ್ನು ಗೌರವದಿಂದ ಮೂರು ಪ್ರಶ್ನೆ ಕೇಳಿ. ಗ್ಯಾಲರಿ ಪ್ಲಗ್ ಎಷ್ಟಿವೆ? ಎಲ್ಲವನ್ನೂ ಬಿಚ್ಚಿ ತೊಳೆಯುತ್ತೀರಾ? ಮುಚ್ಚುವ ಮೊದಲು ನನಗೊಮ್ಮೆ ತೋರಿಸುತ್ತೀರಾ? ಕೆಲಸ ಬಲ್ಲವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಪ್ಲಗ್ ಬಿಚ್ಚುವುದಕ್ಕೆ ಅರ್ಧ ದಿನದ ಕೂಲಿ ಹೆಚ್ಚು ಕೇಳಿದರೆ ಕೊಡಿ. ಅದು ದಂಡವಲ್ಲ.

ಆ ಜೀಪಿನ ಕಥೆ ಮುಗಿಸಿಬಿಡುತ್ತೇನೆ. ಕ್ರ್ಯಾಂಕನ್ನು ಮತ್ತೆ 10 ಥೌ ಗ್ರೈಂಡ್ ಮಾಡಿಸಬೇಕಾಯಿತು, ಬೇರಿಂಗ್ ಮತ್ತೆ ಹೊಸದು ಬಂತು. ಕ್ರ್ಯಾಂಕ್ ಗ್ರೈಂಡ್ ಮಾಡಲೂ ಒಂದು ಮಿತಿ ಇದೆ. ಹನ್ನೊಂದು ದಿನದಲ್ಲಿ ಅದರ ಆಯುಷ್ಯದ ಒಂದು ಪಾಲು ಹೋಗಿತ್ತು. ಮಿಸ್ತ್ರಿ ಕಾಕಾ ತಮ್ಮ ಕೂಲಿಯಲ್ಲಿ ಅರ್ಧ ಮಾತ್ರ ತೆಗೆದುಕೊಂಡರು. ಗಾಡಿ ಚಾಲೂ ಆದಾಗ ಯಜಮಾನ ಎಣ್ಣೆಯ ಮುಳ್ಳಿನ ಮೇಲಿನ ಕಣ್ಣು ತೆಗೆಯಲಿಲ್ಲ. “ಕಾಕಾ, ಈಗರೆ ಉಳೀತದೇನ್ರಿ?” ಅಂದ. ಕಾಕಾ ಗೋಡೆಯ ಮೇಲಿನ ಹಲಗೆ ತೋರಿಸಿದರು. ಮೊಳೆಗಳೆಲ್ಲ ಖಾಲಿ ಇದ್ದವು, ಒಂದು ಪ್ಲಗ್ಗೂ ಉಳಿದಿರಲಿಲ್ಲ. “ಬಿಚ್ಚಿದ್ದೆಲ್ಲ ಒಳಗ ಹೋಗೇದ. ಇನ್ನ ನೀ ಎಣ್ಣಿ ಬದಲಿ ಮಾಡೂದು ಮರೀಬ್ಯಾಡ” ಅಂದರು.

ಅದಾದ ಮೇಲೆ ಆ ಜೀಪು ಎಷ್ಟೋ ವರ್ಷ ಅದೇ ರಸ್ತೆಯಲ್ಲಿ ಓಡಿತು. ಹಲಗೆ ಈಗ ನನ್ನ ಬಳಿ ಇದೆ. ಇವತ್ತಿಗೂ ಬ್ಲಾಕ್ ಬಿಚ್ಚುವ ದಿನ ಮೊದಲು ಅದನ್ನೇ ಇಳಿಸುತ್ತೇನೆ.